ಬೀಗ ಹಾಕಿದ ವಾಡೆಯ ಹೊಣೆ ಯಾರದು

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ಪುಣೆಯ ಶನಿವಾರ ಪೇಟೆಯಿಂದ ನಮ್ಮ ವಾಡೆಯ, ಅಂದರೆ ಹಿರಿಯರ ಕಾಲದ ದೊಡ್ಡ ಮನೆಯ, ನೆರೆಮನೆಯವರು ಫೋನ್ ಮಾಡಿದರು. ಓಣಿಯಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರ ಚೆಂಡು ವಾಡೆಯ ಮೇಲಂತಸ್ತಿನ ಮುರಿದ ಕಿಟಕಿಯಿಂದ ಒಳಗೆ ಬಿದ್ದಿತ್ತು. ಅದನ್ನು ತರಲು ಹಿತ್ತಲ ಗೋಡೆ ಹಾರಿ ಹೋದ ಹನ್ನೊಂದು ವರ್ಷದ ಹುಡುಗನ ಬಲಗಾಲು, ಗೆದ್ದಲು ತಿಂದ ಹಲಗೆಯನ್ನು ಮುರಿದುಕೊಂಡು ತೊಡೆಯವರೆಗೆ ಇಳಿದು ಸಿಕ್ಕಿಕೊಂಡಿತ್ತು. ಹಲಗೆಯ ಕೆಳಗೆ ಹತ್ತು ಅಡಿ ಆಳದಲ್ಲಿ ಕಲ್ಲು ಹಾಸಿದ ಪಡಸಾಲೆ. ನೆರೆಯವರು ಏಣಿ ತಂದು, ಹಲಗೆಯನ್ನು ಗರಗಸದಿಂದ ಕೊಯ್ದು ಅವನನ್ನು ಇಳಿಸಿದರಂತೆ. ಆರು ಹೊಲಿಗೆ, ಒಂದು ಚುಚ್ಚುಮದ್ದಿನಲ್ಲಿ ಮುಗಿಯಿತು. ಮರುದಿನ ನಾನು ಹೋದಾಗ ಅವನ ತಂದೆ ಚಹಾ ಕೊಟ್ಟು, ಹುಡುಗನದೇ ತಪ್ಪು, ಬೀಗ ಹಾಕಿದ ಮನೆಗೆ ಹೋಗಬಾರದಿತ್ತು ಎಂದರು. ಆ ಸೌಜನ್ಯವನ್ನು ನಾನು ಎಷ್ಟು ಸಲೀಸಾಗಿ ಒಪ್ಪಿಕೊಂಡು ಚಹಾ ಕುಡಿದು ಬಂದೆನೆಂಬುದು ನೆನಪಾದಾಗಲೆಲ್ಲ ಈಗಲೂ ಮುಜುಗರವಾಗುತ್ತದೆ.

ವಾಡೆ ನಮ್ಮ ಮುತ್ತಜ್ಜ ಧಾರವಾಡದಿಂದ ಪುಣೆಗೆ ಬಂದು ನೆಲೆಸಿದಾಗ ಕೊಂಡದ್ದು. ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡಿನಲ್ಲಿ ಇಂದಿಗೂ ನನ್ನ ಅಜ್ಜ ಮತ್ತು ಅವರ ಇಬ್ಬರು ತಮ್ಮಂದಿರ ಹೆಸರುಗಳಿವೆ. ಮೂವರೂ ತೀರಿಕೊಂಡು ಎಷ್ಟೋ ವರ್ಷಗಳಾದವು. ವಾರಸುದಾರರ ಹೆಸರು ಏರಿಸುವ ಕೆಲಸವನ್ನು ಪ್ರತಿ ದೀಪಾವಳಿಗೂ ಮಾತನಾಡಿ ಪ್ರತಿ ಯುಗಾದಿಗೂ ಮುಂದೂಡುತ್ತ ಬಂದಿದ್ದೇವೆ. ಇಂದು ಪಾಲುದಾರರು ಹನ್ನೊಂದು ಜನ. ಧಾರವಾಡ, ಬೆಂಗಳೂರು, ಪುಣೆ, ನ್ಯೂಜೆರ್ಸಿ ಎಂದು ಹಂಚಿಹೋಗಿದ್ದಾರೆ. ನನ್ನ ಪಾಲು ಹದಿನೆಂಟರಲ್ಲಿ ಒಂದು. 2009ರಲ್ಲಿ ಅಜ್ಜಿಯನ್ನು ಕೋಥರೂಡಿನ ಫ್ಲ್ಯಾಟಿಗೆ ಕರೆದೊಯ್ದ ದಿನದಿಂದ ನಮ್ಮವರು ಯಾರೂ ಅಲ್ಲಿ ಮಲಗಿಲ್ಲ. ಹುಡುಗ ಬಿದ್ದ ಸುದ್ದಿಯನ್ನು ಧಾರವಾಡದ ಕಾಕಾನಿಗೆ ತಿಳಿಸಿದಾಗ, ಅವರು ಹೇಳಿದ್ದು ಬಹುಪಾಲು ಪಾಲುದಾರರ ಮನಸ್ಸಿನಲ್ಲಿದ್ದ ಮಾತೇ: "ಆ ಮನ್ಯಾಗ ಯಾರೂ ಇಲ್ಲಲ್ಲೋ, ಬಿದ್ರ ಯಾರ ಮ್ಯಾಲ ಬೀಳ್ತದ?"

ಯಾರ ಮೇಲೆ ಬೀಳುತ್ತದೆ ಎಂಬುದನ್ನು ತಿಳಿಯಲು ಓಣಿಯಲ್ಲಿ ಹತ್ತು ನಿಮಿಷ ನಿಂತರೆ ಸಾಕಾಗಿತ್ತು. ನಮ್ಮ ಮುಂಗೋಡೆಗೆ ತಾಗಿಯೇ ಶಾಲೆಗೆ ಹೋಗುವ ದಾರಿಯಿದೆ, ಗೋಡೆಯ ನೆರಳಿನಲ್ಲಿ ಒಬ್ಬ ಇಸ್ತ್ರಿಯವನ ಗಾಡಿಯಿದೆ.

ಪುಣೆಯ ವಾಡೆಗಳ ರಚನೆಯನ್ನು ಬಲ್ಲವರಿಗೆ, ವಾಸವಿರುವ ಮನೆಗಿಂತ ಖಾಲಿ ಮನೆ ಬೇಗ ಬೀಳುವುದೇಕೆ ಎಂದು ವಿವರಿಸಬೇಕಾಗಿಲ್ಲ. ತಳದಲ್ಲಿ ಕರಿಕಲ್ಲು, ಅದರ ಮೇಲೆ ಸಾಗುವಾನಿಯ ಕಂಬ ಮತ್ತು ತೊಲೆ, ನಡುವೆ ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ, ಹೊರಗೆ ಸುಣ್ಣದ ಗಿಲಾವು, ಮೇಲೆ ಹೆಂಚು. ಗಿಲಾವು ಗಟ್ಟಿಯಾಗಿದ್ದು ಹೆಂಚು ಸರಿಯಾಗಿದ್ದರೆ ಈ ಗೋಡೆ ತಲೆಮಾರುಗಳ ಕಾಲ ನಿಲ್ಲುತ್ತದೆ. ಆದರೆ ಬೆಕ್ಕು ಓಡಾಡಿ ಒಂದೇ ಒಂದು ಹೆಂಚು ಸರಿದರೂ ಮಳೆನೀರು ಗೋಡೆಯ ತಲೆಯಿಂದ ಒಳಗಿಳಿಯುತ್ತದೆ, ಮಣ್ಣು ಕರಗುತ್ತದೆ, ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ, ಗಿಲಾವಿನ ಬಿರುಕಿನಲ್ಲಿ ಅರಳಿ ಗಿಡ ಬೇರೂರುತ್ತದೆ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು ಮುಠಾ ನದಿಯ ನೀರು ಪೇಟೆಗಳಿಗೆ ನುಗ್ಗಿದಾಗ ನಮ್ಮ ವಾಡೆಯಲ್ಲಿ ಎದೆಯೆತ್ತರ ನೀರು ನಿಂತಿತ್ತೆಂದು ಅಜ್ಜಿ ಹೇಳುತ್ತಿದ್ದರು. ಆಗ ಅದು ಉಳಿಯಿತು, ಏಕೆಂದರೆ ನೀರು ಇಳಿದ ವಾರದಲ್ಲೇ ಅಜ್ಜ ಗೌಂಡಿಗಳನ್ನು ಕರೆಸಿ ಗೋಡೆಯ ಬುಡ ಬಿಚ್ಚಿಸಿ ಕಟ್ಟಿಸಿದರು. ಅಂಥ ಪ್ರವಾಹವನ್ನು ತಡೆದುಕೊಂಡ ಗೋಡೆಯನ್ನು ನಾವು ಹದಿನೈದು ಮಳೆಗಾಲಗಳ ಸೋರಿಕೆಯಲ್ಲಿ ಕಳೆದುಕೊಂಡೆವು.

ನಾನು ವಕೀಲನಲ್ಲ, ನಿವೃತ್ತ ಬ್ಯಾಂಕ್ ನೌಕರ. ಆದರೂ ಹುಡುಗನ ಘಟನೆಯ ಬಳಿಕ ಪರಿಚಯದ ವಕೀಲರೊಬ್ಬರ ಬಳಿ ಕುಳಿತು, ತೀರ್ಪುಗಳನ್ನು ಓದಿ, ನಮ್ಮ ಸ್ಥಾನ ಏನೆಂದು ತಿಳಿದುಕೊಂಡೆ. ಮೊದಲು ಸಿಕ್ಕಿದ್ದು ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರದ ಪ್ರಕರಣ, ಸುಪ್ರೀಂ ಕೋರ್ಟು 1966ರಲ್ಲಿ ತೀರ್ಮಾನಿಸಿದ್ದು. ಗೋಪುರ ಕುಸಿದು ಜನ ಸತ್ತಿದ್ದರು. ಕಟ್ಟಡಕ್ಕೆ 80 ವರ್ಷವಾಗಿತ್ತು. ಅದರಲ್ಲಿ ಬಳಸಿದ ಗಾರೆಯ ಬಾಳಿಕೆ 40ರಿಂದ 45 ವರ್ಷ ಮಾತ್ರ ಎಂದು ಎಂಜಿನಿಯರರೇ ಸಾಕ್ಷಿ ನುಡಿದಿದ್ದರು. ಹೊರಗಿನಿಂದ ದೋಷ ಕಾಣುತ್ತಿರಲಿಲ್ಲ ಎಂಬ ಮಾಲೀಕರ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಜನ ಓಡಾಡುವ ರಸ್ತೆಯ ಪಕ್ಕದಲ್ಲಿ ಕಟ್ಟಡ ಇಟ್ಟುಕೊಂಡವನಿಗೆ ವಿಶೇಷ ಹೊಣೆಯಿದೆ, ಅಪಾಯ ಅವನಿಗೆ ಗೊತ್ತಿತ್ತೋ ಇಲ್ಲವೋ ಎಂಬುದು ಮುಖ್ಯವಲ್ಲ, ನಿಗಾವಹಿಸಿ ಪರೀಕ್ಷಿಸುವುದು ಅವನ ಕೆಲಸ ಎಂಬುದು ತೀರ್ಪಿನ ತಿರುಳು. ಅಂದಹಾಗೆ, ಆ ಗೋಪುರದ ಮಾಲೀಕರು ಖಾಸಗಿ ವ್ಯಕ್ತಿಯಲ್ಲ, ದೆಹಲಿಯ ನಗರಸಭೆಯೇ.

ಎರಡನೆಯದು ಮಧ್ಯಪ್ರದೇಶ ಹೈಕೋರ್ಟಿನ 1958ರ ವರದಿಯಲ್ಲಿರುವ ಪ್ರಕರಣ. ಮಳೆಯಲ್ಲಿ ಕಟ್ಟಡದ ಗೋಡೆ ಬಿದ್ದು ಇಬ್ಬರು ಮಕ್ಕಳು ಸತ್ತಿದ್ದರು, ಆ ದಿನ ಸುರಿದದ್ದು 2.66 ಅಂಗುಲ ಮಳೆ. ಇದು ದೈವಕೃತ್ಯ ಎಂದು ಮಾಲೀಕನ ಪರ ವಾದಿಸಲಾಯಿತು. ಮಳೆಗಾಲದಲ್ಲಿ ಅಷ್ಟು ಮಳೆ ಬರುವುದು ನಿರೀಕ್ಷಿತವೇ, ಅದನ್ನು ತಡೆದುಕೊಳ್ಳುವ ಸ್ಥಿತಿಯಲ್ಲಿ ಗೋಡೆಯನ್ನು ಇಡಬೇಕಾಗಿತ್ತು ಎಂದು ನ್ಯಾಯಾಲಯ ಹೇಳಿತು. ಪ್ರತಿ ಜೂನಿನಲ್ಲಿ "ಈ ಸಲದ ಮಳೆ ಜೋರು" ಎನ್ನುತ್ತ ಕೈಕಟ್ಟಿ ಕೂರುವ ನಮ್ಮಂಥವರಿಗೆ ಈ ತೀರ್ಪು ನೇರವಾಗಿ ತಟ್ಟುತ್ತದೆ.

ಇವೆರಡೂ ದಾರಿಹೋಕರ ಮಾತಾಯಿತು. ಗೋಡೆ ಹಾರಿ ಬಂದ ಹುಡುಗನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಕರೆದ ಅತಿಥಿಗೆ ತೋರಬೇಕಾದಷ್ಟೇ ಎಚ್ಚರವನ್ನು ಅತಿಕ್ರಮ ಪ್ರವೇಶ ಮಾಡಿದವನಿಗೂ ತೋರಬೇಕೆಂದು ಕಾನೂನು ಕೇಳುವುದಿಲ್ಲ, ನಿಜ. ಆದರೆ ಅತಿಕ್ರಮಿಸಿದವನ ಪ್ರಾಣಕ್ಕೆ ಬೆಲೆಯೇ ಇಲ್ಲವೆಂದೂ ಹೇಳುವುದಿಲ್ಲ. ಬಿಹಾರದಲ್ಲಿ ಒಬ್ಬ ಮಾಲೀಕ, ನೆರೆಯವರು ತನ್ನ ಪಾಯಖಾನೆಯನ್ನು ಬಳಸದಂತೆ ದಾರಿಗೆ ವಿದ್ಯುತ್ ಹರಿಯುವ ಬರಿಯ ತಂತಿ ಎಳೆದಿದ್ದ. ಅದು ತಾಗಿ ಒಬ್ಬ ಮಹಿಳೆ ಸತ್ತಳು. ಆಕೆ ಅಪ್ಪಣೆಯಿಲ್ಲದೆ ಬಂದವಳು ಎಂಬ ವಾದ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ, 1963ರಲ್ಲಿ ಅವನ ಶಿಕ್ಷೆ ಕಾಯಂ ಆಯಿತು. ನಾವು ತಂತಿ ಎಳೆದಿರಲಿಲ್ಲ ಎಂದು ನಾನು ವಕೀಲರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒಂದು ಪ್ರಶ್ನೆ ಕೇಳಿದರು: ಹುಡುಗರು ಚೆಂಡಿಗಾಗಿ ಒಳಗೆ ಹೋಗುತ್ತಾರೆಂಬುದು ನಿಮಗೆ ಮೊದಲೇ ಗೊತ್ತಿತ್ತೇ? ಗೊತ್ತಿತ್ತು. ಹಿಂದಿನ ವರ್ಷವೂ ನೆರೆಯವರು ಫೋನಿನಲ್ಲಿ ಹೇಳಿದ್ದರು, ನಾನು "ನೋಡೋಣ" ಎಂದಿದ್ದೆ. ಗೊತ್ತಿದ್ದೂ ಸುಮ್ಮನಿದ್ದವರನ್ನು, ಅದರಲ್ಲೂ ಬಂದವರು ಮಕ್ಕಳಾಗಿದ್ದಾಗ, ನ್ಯಾಯಾಲಯ ಬೇರೆಯೇ ಕಣ್ಣಿನಿಂದ ನೋಡುತ್ತದೆ ಎಂದರು. "ಪ್ರವೇಶವಿಲ್ಲ" ಎಂಬ ಫಲಕವೊಂದೇ ನಮ್ಮನ್ನು ಕಾಪಾಡುವುದಿಲ್ಲ.

ನಮ್ಮಲ್ಲಿ ಫಲಕವೂ ಇರಲಿಲ್ಲ, ಬಾಗಿಲಿಗೆ ಅಂಟಿಸಿದ ನೋಟೀಸು ಮಾತ್ರ ಇತ್ತು. ಮಹಾರಾಷ್ಟ್ರ ಮಹಾನಗರಪಾಲಿಕೆಗಳ ಕಾಯಿದೆಯ 264ನೇ ಕಲಮಿನ ಪ್ರಕಾರ, ಬೀಳುವ ಸ್ಥಿತಿಯಲ್ಲಿರುವ ಕಟ್ಟಡವನ್ನು ಕೆಡವಲು, ಭದ್ರಪಡಿಸಲು ಅಥವಾ ದುರಸ್ತಿ ಮಾಡಲು ಆಯುಕ್ತರು ಮಾಲೀಕನಿಗೂ ವಾಸಿಸುವವನಿಗೂ ಆದೇಶಿಸಬಹುದು. ಮೂವತ್ತು ವರ್ಷ ದಾಟಿದ ಕಟ್ಟಡವನ್ನು ನೋಂದಾಯಿತ ಸ್ಟ್ರಕ್ಚರಲ್ ಎಂಜಿನಿಯರರಿಂದ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕೆಂದು 265ಎ ಕಲಮು ಹೇಳುತ್ತದೆ. ಮುಂಬೈಯಲ್ಲಿರುವವರಿಗೆ 1888ರ ಕಾಯಿದೆಯ 354 ಮತ್ತು 353ಬಿ ಕಲಮುಗಳು ಇದೇ ಕೆಲಸ ಮಾಡುತ್ತವೆ. ನಮಗೆ ಬಂದ ನೋಟೀಸು ತೀರಿಹೋದ ಅಜ್ಜನ ಹೆಸರಿನಲ್ಲಿತ್ತು. ಹೆಸರು ಬದಲಿಸದೆ ಇದ್ದವರು ನಾವೇ ಆದ್ದರಿಂದ, ಅದು ನಮಗೆ ತಲುಪಿಲ್ಲವೆಂದು ಹೇಳುವ ಬಾಯಿಯೂ ಇರಲಿಲ್ಲ. ಇದಲ್ಲದೆ, ಬೀಳುವಂತಿರುವ ಕಟ್ಟಡವನ್ನು ತೆಗೆಯಲು, ದಾರಿಯ ಪಕ್ಕದ ಬಾವಿಗೆ ಬೇಲಿ ಹಾಕಲು ಆದೇಶಿಸುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ದಂಡಾಧಿಕಾರಿಗಿದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಐದು ವರ್ಷಗಳವರೆಗಿನ ಸೆರೆವಾಸಕ್ಕೆ ದಾರಿ ಮಾಡುತ್ತದೆ.

ಪಾಲಿನ ಲೆಕ್ಕಕ್ಕೆ ಬರೋಣ, ಏಕೆಂದರೆ ನಮ್ಮ ಮನೆತನಗಳಲ್ಲಿ ಎಲ್ಲವೂ ಕೆಡುವುದು ಅಲ್ಲಿಯೇ. ಹದಿನೆಂಟರಲ್ಲಿ ಒಂದು ಪಾಲಿನವನ ಹೊಣೆಯೂ ಹದಿನೆಂಟರಲ್ಲಿ ಒಂದೇ ಎಂದು ನಾನು ನಂಬಿದ್ದೆ. ಹಾಗಿಲ್ಲ. ನಿರ್ಲಕ್ಷ್ಯ ಎಲ್ಲರದೂ ಆಗಿದ್ದರೆ, ಗಾಯಗೊಂಡವನು ಪೂರ್ತಿ ಪರಿಹಾರವನ್ನು ಯಾರೊಬ್ಬರಿಂದಲೂ ಕೇಳಬಹುದು. ಕೊಟ್ಟವನು ಉಳಿದವರ ಹಿಂದೆ ಓಡಾಡಬೇಕು. ನ್ಯೂಜೆರ್ಸಿಯಲ್ಲಿರುವವರಿಗಿಂತ ಪುಣೆಯಲ್ಲಿರುವವನು ಮೊದಲು ಸಿಗುತ್ತಾನೆ ಎಂಬುದನ್ನು ಹೇಳಬೇಕಾಗಿಲ್ಲ. ಉಳಿದವರ ಒಪ್ಪಿಗೆಯಿಲ್ಲದೆ ವಾಡೆಯನ್ನು ಮಾರಲಾಗದು, ಪೂರ್ತಿ ಕೆಡವಲೂ ಆಗದು. ಆದರೆ ವಾಡೆಯ ಹಿತ್ತಲ ಬಾವಿಗೆ ಜಾಳಿಗೆ ಹಾಕಲು ಹನ್ನೊಂದು ಸಹಿ ಬೇಕೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಆ ನೆಪ ನಮ್ಮದೇ ಸೃಷ್ಟಿ.

ಇನ್ನೊಂದು ತೊಡಕು ಬಾಡಿಗೆದಾರರದು. ಅವರು ಸಿಂಹಗಡ ರಸ್ತೆಯ ಸ್ವಂತ ಫ್ಲ್ಯಾಟಿಗೆ ಹೋಗಿ ಎಷ್ಟೋ ವರ್ಷವಾಗಿದ್ದರೂ, ಕೆಳಗಿನ ಎರಡು ಕೋಣೆಗಳಿಗೆ ತಮ್ಮ ಬೀಗ ಉಳಿಸಿಕೊಂಡು, ತಿಂಗಳಿಗೆ ಅರವತ್ತು ರೂಪಾಯಿ ಬಾಡಿಗೆಯನ್ನು ತಪ್ಪದೆ ಕಳಿಸುತ್ತಿದ್ದರು. ಬಿಟ್ಟರೆ ಹಕ್ಕು ಹೋದೀತೆಂಬ ಅವರ ಭಯ ಅನ್ಯಾಯದ್ದೇನಲ್ಲ. ದುರಸ್ತಿ ಮಾಡಿಸಬೇಕಾದವನು ಮನೆ ಮಾಲೀಕನೆಂದು 1999ರ ಬಾಡಿಗೆ ನಿಯಂತ್ರಣ ಕಾಯಿದೆ ಹೇಳುತ್ತದೆ. ಅರವತ್ತು ರೂಪಾಯಿಯಲ್ಲಿ ಎಷ್ಟು ಹೆಂಚು ಬರುತ್ತವೆಂದು ಅದು ಹೇಳುವುದಿಲ್ಲ. ಕೊನೆಗೆ, ಅವರ ಬಾಡಿಗೆ ಹಕ್ಕಿಗೆ ಧಕ್ಕೆಯಿಲ್ಲವೆಂದು ನಾವು ಕಾಗದದಲ್ಲಿ ಬರೆದುಕೊಟ್ಟ ಮೇಲೆ ಅವರು ಬಂದು ಬೀಗ ತೆಗೆದರು. ಒಳಗೆ ಎರಡು ತಾಮ್ರದ ಹಂಡೆ, ಒಂದು ಮುರಿದ ತೊಟ್ಟಿಲು ಮತ್ತು ಇನ್ನೂ ವಿದ್ಯುತ್ ಹರಿಯುತ್ತಿದ್ದ, ಇಲಿ ಕಡಿದ ತಂತಿ ಇತ್ತು.

ಜೂನ್ ಮೊದಲ ವಾರದಲ್ಲಿ ಎಂಜಿನಿಯರರು ಬಂದರು. ಗೌಂಡಿ ಮುಂಗೋಡೆಯ ತಲೆಯಿಂದ ತೂಕದ ಗುಂಡು ಇಳಿಬಿಟ್ಟಾಗ, ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟು ಮೂರು ಬೆರಳಿನಷ್ಟು ಹೊರಕ್ಕೆ ಬಂದಿರುವುದು ಕಂಡಿತು. ಎಂಜಿನಿಯರರು ಬಿರುಕಿನ ಮೇಲೆ ಅಡ್ಡಲಾಗಿ, ಎರಡು ತುದಿಗೂ ಗಾರೆ ಹಚ್ಚಿ, ಒಂದು ತೆಳುವಾದ ಗಾಜಿನ ಪಟ್ಟಿಯನ್ನು ಕೂರಿಸಿ ತಾರೀಖು ಬರೆದರು. ಗೋಡೆ ಅಲುಗದಿದ್ದರೆ ಗಾಜು ಉಳಿಯುತ್ತದೆ. ಎಂಟನೆಯ ದಿನ, ಎರಡು ಮಳೆ ಬಿದ್ದ ಬಳಿಕ, ನಾನು ಹೋಗಿ ನೋಡಿದಾಗ ಗಾಜು ಕೂದಲೆಳೆಯಷ್ಟು ಸೀಳಿತ್ತು. ಅದರ ಫೋಟೋವನ್ನು ಹನ್ನೊಂದು ಪಾಲುದಾರರಿಗೂ ಕಳಿಸಿದೆ. ವರ್ಷಗಟ್ಟಲೆ ಉತ್ತರಿಸದಿದ್ದವರು ಅದೇ ರಾತ್ರಿ ಉತ್ತರಿಸಿದರು, ಕಾಕಾ ತಮ್ಮ ಪಾಲಿನ ಹಣಕ್ಕಿಂತ ಹೆಚ್ಚೇ ಕಳಿಸಿದರು.

ಅಂದೇ ಗೋಡೆಗೆ ಮರದ ಕಂಬಗಳ ಆನಿಕೆ ಕೊಡಿಸಿ, ಆರಡಿ ದೂರದಲ್ಲಿ ತಗಡಿನ ತಡೆ ಕಟ್ಟಿಸಿದೆವು. ವಿದ್ಯುತ್ ಸಂಪರ್ಕವನ್ನು ಕಾಯಂ ಕಡಿಸಿದೆವು, ಹಿತ್ತಲ ಬಾವಿಗೆ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಜಾಳಿಗೆ ಬಿತ್ತು, ಮಾಳಿಗೆಯ ಮೆಟ್ಟಿಲನ್ನು ಬಿಚ್ಚಿ ಒಳಗೇ ಒರಗಿಸಿದೆವು. ಇಸ್ತ್ರಿಯವನಿಗೆ ಎದುರುಗಡೆ ಜಾಗ ಕೊಡಿಸಲು ನೆರೆಯವರೇ ಮುಂದಾದರು. ಪಾಲಿಕೆಯ ಅನುಮತಿ ಪಡೆದು ಗೋಡೆಯ ಮೇಲಿನ ಏಳು ಅಡಿಯನ್ನು ಒಂದೊಂದೇ ಸಾಲು ಇಟ್ಟಿಗೆಯಾಗಿ ಇಳಿಸಿದ್ದು ಮಳೆ ಬಿಡುವು ಕೊಟ್ಟ ದಿನಗಳಲ್ಲಿ. ಗುತ್ತಿಗೆದಾರ ಒಂದು ಭಾನುವಾರ ಹಗ್ಗ ಕಟ್ಟಿ ಎಳೆದುಬಿಡುತ್ತೇನೆ ಎಂದಿದ್ದ. ಕೆಡವುವಾಗ ಎಚ್ಚರ ತಪ್ಪಿದರೆ ಅದಕ್ಕೂ ನ್ಯಾಯ ಸಂಹಿತೆಯಲ್ಲಿ 290 ಎಂಬ ಪ್ರತ್ಯೇಕ ಕಲಮಿದೆಯೆಂದು ಎಂಜಿನಿಯರರು ಅವನಿಗೆ ತಣ್ಣಗೆ ತಿಳಿಸಿದರು. ಒಟ್ಟು ಖರ್ಚು ಒಂದು ಲಕ್ಷ ನಲವತ್ತು ಸಾವಿರ. ಹನ್ನೊಂದು ಜನರ ನಡುವೆ ಇದು ದೊಡ್ಡ ಮೊತ್ತವಾಗಿರಲಿಲ್ಲ, ಎಂದೂ ಆಗಿರಲಿಲ್ಲ.

ವಾರಸುದಾರರ ಹೆಸರು ಏರಿಸುವ ಅರ್ಜಿ ಈಗ ಸಿಟಿ ಸರ್ವೆ ಕಚೇರಿಯಲ್ಲಿದೆ, ನ್ಯೂಜೆರ್ಸಿಯ ಇಬ್ಬರ ಅಧಿಕಾರಪತ್ರ ಬರಬೇಕಾಗಿದೆ. ಹೋದ ಭಾನುವಾರ, ಮಳೆಗಾಲಕ್ಕೆ ಮುನ್ನ ಒಮ್ಮೆ ನೋಡಿಬರೋಣವೆಂದು ಹೋಗಿದ್ದೆ. ತಗಡಿನ ತಡೆಯ ಮೇಲೆ ಹುಡುಗರು ಸೀಮೆಸುಣ್ಣದಿಂದ ಮೂರು ಸ್ಟಂಪು ಬರೆದಿದ್ದರು. ಬ್ಯಾಟ್ ಹಿಡಿದು ನಿಂತವನ ಬಲ ತೊಡೆಯ ಮೇಲೆ, ಚಡ್ಡಿಯ ಅಂಚಿನ ಕೆಳಗೆ, ಆರು ಹೊಲಿಗೆಯ ಗುರುತು ಕಾಣುತ್ತಿತ್ತು. ಓವರು ಮುಗಿಯುವವರೆಗೆ ಬದಿಯಲ್ಲಿ ನಿಂತಿದ್ದು, ಆಮೇಲೆ ತಗಡಿನ ಮೊಳೆಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಎಡತುದಿಯ ಎರಡು ಸಡಿಲವಾಗಿದ್ದವು.