ಅಪ್ಪಾಯಿಯ ಬಿಸ್ಕತ್ ಡಬ್ಬಿ

2023ರ ಮೇ 10, ಬುಧವಾರ, ವಿಧಾನಸಭೆ ಚುನಾವಣೆಯ ದಿನ. ಎರಡು ಬಸ್ಸು ಬದಲಿಸಿ ರಾಣೆಬೆನ್ನೂರಿನಿಂದ ಸುಳ್ಯದ ನಮ್ಮ ಕಾಲನಿಗೆ ಬಂದು ಸೇರುವಾಗ ಬೆಳಗ್ಗೆ ಏಳಾಗಿತ್ತು. ಅಪ್ಪಾಯಿ ಆಗಲೇ ಸ್ನಾನ ಮಾಡಿ, ಹಬ್ಬಕ್ಕೆ ಮಾತ್ರ ಉಡುವ ಹಸಿರು ಸೀರೆ ಉಟ್ಟು, ಜಗಲಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಬಿಸ್ಕತ್ ಡಬ್ಬಿ.

"ಬಂದೆಯಾ ಕಣ್ಣು? ಕಾಫಿ ಕುಡಿ. ಬಿಸಿಲೇರುವ ಮೊದಲು ಹೋಗೋಣ" ಅಂದಳು.

ಅಪ್ಪಾಯಿ ಅಂದರೆ ಅಪ್ಪನ ಅಮ್ಮ. ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಟೀ ತೋಟದ ತಮಿಳರು ಹಾಗೇ ಕರೆಯುವುದು. ನಮ್ಮ ಅಪ್ಪಾಯಿಗೆ ಆಗ 85. ಆ ಚುನಾವಣೆಯಲ್ಲಿ ಕರ್ನಾಟಕದಲ್ಲಿ 80 ದಾಟಿದವರಿಗೆ ಮನೆಯಿಂದಲೇ ಓಟು ಹಾಕುವ ಅವಕಾಶ ಇತ್ತು. 12ಡಿ ಫಾರಂ ತುಂಬಿ ಕೊಟ್ಟರೆ ಸಾಕು, ಅಧಿಕಾರಿಗಳೇ ಮನೆಗೆ ಬರುತ್ತಿದ್ದರು. ಆ ಫಾರಂ ಹಿಡಿದುಕೊಂಡು ನಮ್ಮ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಅಕ್ಕ ಎರಡು ಸಲ ಮನೆಗೆ ಬಂದಿದ್ದರು. ಎರಡು ಸಲವೂ ಅಪ್ಪಾಯಿ ಬೇಡ ಅಂದಳಂತೆ. ಫೋನಿನಲ್ಲಿ ನಾನೂ ಹೇಳಿ ನೋಡಿದ್ದೆ. ಅವಳ ಮಂಡಿ ನೋವು ನನಗೆ ಗೊತ್ತಿಲ್ಲವಾ?

"ಮನೆಯೊಳಗೆ ಕೂತು ಹಾಕಿದರೆ ಯಾರಿಗೆ ಗೊತ್ತಾಗುತ್ತದೆ? ನಾಲ್ಕು ಜನ ನೋಡಬೇಕು. ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲಬೇಕು" ಅಂದಿದ್ದಳು.

ಅವಳು ಹಾಗೆ ಯಾಕೆ ಅಂದಳು ಅಂತ ತಿಳಿಯಬೇಕಾದರೆ ಡಬ್ಬಿಯೊಳಗೆ ಏನಿದೆ ಅಂತ ಹೇಳಬೇಕು.

ಎಲ್ಲಕ್ಕಿಂತ ಕೆಳಗೆ ಒಂದು ಇಂಡಿಯಾ ಪಾಸ್‌ಪೋರ್ಟ್. ರಟ್ಟು ಸವೆದು ಬಟ್ಟೆಯ ಹಾಗೆ ಮೆತ್ತಗಾಗಿದೆ. ಒಳಗಿನ ಫೋಟೋದಲ್ಲಿ ಅಪ್ಪಾಯಿ, ತಾತ, ಅವರ ಮಧ್ಯೆ ಕಣ್ಣರಳಿಸಿ ನಿಂತ ನನ್ನ ಅಪ್ಪ, ಅಪ್ಪಾಯಿಯ ಕಂಕುಳಲ್ಲಿ ಚಿತ್ತಪ್ಪ, ಅಂದರೆ ಚಿಕ್ಕಪ್ಪ. ಹುಟ್ಟಿದ ಊರು ಅನ್ನುವ ಕಡೆ ಮಸ್ಕೆಲಿಯಾ ಅಂತಿದೆ, ಸಿಲೋನಿನ ಟೀ ತೋಟಗಳ ಊರು. ರಾಷ್ಟ್ರೀಯತೆ ಭಾರತೀಯ ಅಂತಿದೆ. ಈ ಪಾಸ್‌ಪೋರ್ಟ್ ಕೈಗೆ ಬಂದಾಗ ಅವಳು ಇಂಡಿಯಾವನ್ನು ಒಂದು ದಿನವೂ ನೋಡಿರಲಿಲ್ಲ.

ಅವಳ ಅಪ್ಪ 1947ರಲ್ಲಿ ಸಿಲೋನಿನ ಪಾರ್ಲಿಮೆಂಟ್ ಚುನಾವಣೆಗೆ ಓಟು ಹಾಕಿದ್ದರು. ಅಲ್ಲಿ 1931ರಿಂದಲೇ ವಯಸ್ಕರಿಗೆಲ್ಲ ಓಟು ಬಂದಿತ್ತು. ಬೆಟ್ಟದ ತೋಟಗಳ ತಮಿಳರು ತಮ್ಮವರನ್ನೇ ಆರಿಸಿ ಕಳಿಸಿದ್ದರು. ಮರುವರ್ಷ ಸ್ವಾತಂತ್ರ್ಯ ಬಂತು. ಅದರ ಬೆನ್ನಿಗೇ 1948ರ ಪೌರತ್ವ ಕಾಯ್ದೆ. ನಿನ್ನ ಅಪ್ಪ ಇಲ್ಲೇ ಹುಟ್ಟಿದವನೋ, ಅಥವಾ ಅಜ್ಜ, ಮುತ್ತಜ್ಜ ಇಬ್ಬರೂ ಇಲ್ಲೇ ಹುಟ್ಟಿದವರೋ, ತೋರಿಸು ಅಂದಿತು ಆ ಕಾಯ್ದೆ. ತೋಟದ ಲೈನು ಮನೆಗಳಲ್ಲಿ, ಒಂದೇ ಕೋಣೆಯಲ್ಲಿ ಹೆತ್ತ ಹೆಂಗಸರ ಮಕ್ಕಳಿಗೆ ಜನನ ಪತ್ರ ಬರೆದಿಟ್ಟವರು ಯಾರು? ಲಕ್ಷಾಂತರ ಜನ ಯಾವ ದೇಶಕ್ಕೂ ಸೇರದವರಾದರು. ಓಟೂ ಹೋಯಿತು. 1952ರ ಚುನಾವಣೆಯ ದಿನ ಅವಳ ಅಪ್ಪ ಎಂದಿನಂತೆ ಕವಾತಿನ ಕತ್ತಿ ಹಿಡಿದು ಟೀ ಗಿಡ ಸವರಲು ಹೋದರಂತೆ. ಸಂಜೆ ಬಂದು ಊಟ ಮಾಡದೆ ಮಲಗಿದರಂತೆ. ಅಪ್ಪಾಯಿಗೆ ಆಗ 14.

ಆಮೇಲೆ 1964ರ ಅಕ್ಟೋಬರ್ 30. ದೆಹಲಿಯಲ್ಲಿ ಎರಡು ದೇಶಗಳ ಪ್ರಧಾನಿಗಳು, ನಮ್ಮ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ ಸಿರಿಮಾವೊ ಬಂಡಾರನಾಯಕೆ, ಒಪ್ಪಂದಕ್ಕೆ ಸಹಿ ಹಾಕಿದರು. 9,75,000 ಜನರಲ್ಲಿ 5,25,000 ಜನ ಇಂಡಿಯಾಕ್ಕೆ, 3,00,000 ಜನ ಸಿಲೋನಿಗೆ. ಉಳಿದ 1,50,000 ಜನರ ಮಾತು ಮುಂದಕ್ಕೆ ಹೋಯಿತು. 1974ರಲ್ಲಿ ಅವರನ್ನೂ ಅರ್ಧರ್ಧ ಹಂಚಿಕೊಂಡರು. ಅಷ್ಟು ಜನರಲ್ಲಿ ಒಬ್ಬರನ್ನೂ ಕೂರಿಸಿ ಕೇಳಲಿಲ್ಲ. ಹತ್ತನೇ ಕ್ಲಾಸಿನ ಮಕ್ಕಳಿಗೆ ನಾನು ಪಾಠ ಮಾಡುತ್ತೇನೆ. ಶಾಸ್ತ್ರಿಯವರ ಬಗ್ಗೆ ಹೇಳುವಾಗಲೆಲ್ಲ ಈ ಲೆಕ್ಕ ನನ್ನ ಗಂಟಲಿಗೆ ಬರುತ್ತದೆ. ಒಳ್ಳೆಯ ಮನುಷ್ಯ ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ. ಆದರೂ ಬರುತ್ತದೆ.

ನಮ್ಮವರು ಹೊರಟಿದ್ದು 1975ರಲ್ಲಿ. ಅದಕ್ಕೂ ಮೊದಲಿನ ಎರಡು ವರ್ಷ ತೋಟಗಳಲ್ಲಿ ಹಸಿವು. ಅಕ್ಕಿ, ಹಿಟ್ಟು ಸಿಗದೆ ಜನ ಸೊಪ್ಪು ಕಿತ್ತು ಬೇಯಿಸಿ ತಿಂದರು. ತಲೈಮನ್ನಾರಿನಲ್ಲಿ ಹಡಗು ಹತ್ತಿ, ರಾಮೇಶ್ವರದಲ್ಲಿ ಇಳಿದು, ಮಂಡಪಂ ಕ್ಯಾಂಪಿನಲ್ಲಿ ಕೆಲವು ವಾರ. ಅಲ್ಲಿಂದ ಕೆಲವರನ್ನು ನೀಲಗಿರಿಗೆ ಕಳಿಸಿದರು. ನಮ್ಮವರ ಹೆಸರು ಕರ್ನಾಟಕದ ಪಟ್ಟಿಯಲ್ಲಿ ಬಂತು. ದಕ್ಷಿಣ ಕನ್ನಡದ ಕಾಡಿನಂಚಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟ. ಟೀ ಚಿಗುರು ಕಿತ್ತ ಕೈಗೆ ಟ್ಯಾಪಿಂಗ್ ಕತ್ತಿ. ನಸುಕಿನಲ್ಲಿ ಎದ್ದು ಮರದ ತೊಗಟೆಯನ್ನು ಓರೆಯಾಗಿ ಕೊರೆಯಬೇಕು. ಸ್ವಲ್ಪ ಆಳ ಹೋದರೆ ಮರಕ್ಕೆ ಗಾಯ, ಮೇಲೆಮೇಲೆ ಗೀರಿದರೆ ಹಾಲಿಲ್ಲ. ಒಂದು ತಿಂಗಳು ದಿನವೂ ಬೈಸಿಕೊಂಡೆ ಅನ್ನುತ್ತಾಳೆ. ಆಮೇಲೆ ಅವಳ ಕೈಗೆ ಸಮ ಯಾರೂ ಇರಲಿಲ್ಲವಂತೆ.

ಸಿಲೋನಿನಲ್ಲಿ ಇದ್ದಾಗ ಅವರನ್ನು 'ಇಂಡಿಯಾದವರು' ಅಂದರು. ಅಲ್ಲಿನ ಯಾಳ್ಪಾಣದ (ಜಾಫ್ನಾದ) ತಮಿಳರೂ ತಮ್ಮವರು ಅನ್ನಲಿಲ್ಲ, 'ತೋಟಕ್ಕಾಟ್ಟಾನ್' ಅಂತ ಹೀಯಾಳಿಸಿದರು. ಇಲ್ಲಿಗೆ ಬಂದಮೇಲೆ 'ಸಿಲೋನಿನವರು' ಆದರು. 1991ರಲ್ಲಿ ನನಗೆ ಏಳು ವರ್ಷ. ಮೇ ತಿಂಗಳಲ್ಲಿ ರಾಜೀವ್ ಗಾಂಧಿ ಹತ್ಯೆ ಆಯಿತು. ಡಿಸೆಂಬರಿನಲ್ಲಿ ಬೆಂಗಳೂರು, ಮೈಸೂರು ಕಡೆ ಕಾವೇರಿ ಗಲಾಟೆ. ನಮ್ಮ ಕಡೆ ಗಲಾಟೆ ಇರಲಿಲ್ಲ. ಆದರೂ ಆ ವರ್ಷವಿಡೀ ಬಸ್ಸಿನಲ್ಲಿ ಅಪ್ಪ ನನ್ನ ಕೈ ಹಿಸುಕಿ "ತಮಿಳು ಮಾತಾಡಬೇಡ, ಕನ್ನಡ, ಕನ್ನಡ" ಅನ್ನುತ್ತಿದ್ದರು. ಅವರ ಅಂಗೈ ಬೆವರುತ್ತಿತ್ತು. ಶಾಲೆಯ ಕನ್ನಡವನ್ನು ನಾನು ಪ್ರೀತಿಯಿಂದ ಕಲಿತೆ, ಇವತ್ತು ಅದೇ ನನ್ನ ಅನ್ನ. ಅದರಲ್ಲಿ ಆ ಬೆವರಿನ ಅಂಗೈಯದೂ ಒಂದು ಪಾಲಿದೆ.

ಇನ್ನು ದೇವರ ಮಾತು. ಕಾಲನಿಗೆ ಬಂದವರು ಮೊದಲು ಮಾಡಿದ್ದು ಒಂದು ಕಲ್ಲು ನಿಲ್ಲಿಸಿ ಅರಿಶಿನ ಹಚ್ಚಿ ಮಾರಿಯಮ್ಮ ಅಂದದ್ದು. ಚಿತ್ತಪ್ಪ ಮದುವೆಯಾದ ಮೇಲೆ ಸಂತ ಅಂತೋಣಿಯಾರನ್ನು ನಂಬಿ ಚರ್ಚಿಗೆ ಹೋಗತೊಡಗಿದರು. ಅದಕ್ಕೆ ಮನೆಯಲ್ಲಿ ಯಾವತ್ತೂ ಜಗಳ ಆಗಿಲ್ಲ. ಅಪ್ಪಾಯಿ ಹುಟ್ಟಿದ ಮಸ್ಕೆಲಿಯಾದ ಹತ್ತಿರವೇ ಶಿವನೊಳಿಪಾದ ಬೆಟ್ಟ. ಅದರ ತುದಿಯಲ್ಲಿರುವ ಹೆಜ್ಜೆ ಗುರುತು ನಮಗೆ ಶಿವನದು, ಸಿಂಹಳರಿಗೆ ಬುದ್ಧನದು, ಮುಸ್ಲಿಮರಿಗೆ, ಕ್ರೈಸ್ತರಿಗೆ ಆದಮನದು. ರಾತ್ರಿಯಿಡೀ ಮೆಟ್ಟಿಲು ಹತ್ತುವಾಗ ಮುಂದಿನವರ ದೇವರು ಯಾರು ಅಂತ ಯಾರೂ ಕೇಳುವುದಿಲ್ಲ, ಚಳಿಗೆ ಎಲ್ಲರೂ ಒಂದೇ ಟೀ ಕುಡಿಯುತ್ತಾರೆ ಅನ್ನುವುದು ಅಪ್ಪಾಯಿಯ ಮಾತು.

ಆದರೆ ಕಾಗದ ಕೇಳುತ್ತದೆ. ಪಿಯುಸಿ ಮುಗಿದಮೇಲೆ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಲು ನನಗೆ ಜಾತಿ ಪ್ರಮಾಣಪತ್ರ ಬೇಕಿತ್ತು. ನಾವು ಆದಿ ದ್ರಾವಿಡರು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಆ ಹೆಸರು ಇದೆ. ಒಂದು ಕಚೇರಿಯಲ್ಲಿ ವಯಸ್ಸಾದ ಗುಮಾಸ್ತರು ನನ್ನನ್ನು ಕೂರಿಸಿ, ಒಂದು ಲೋಟ ನೀರು ಕೊಟ್ಟು, ಬೇಜಾರಿನಿಂದಲೇ ಹೇಳಿದರು. "ಮಗಾ, 1950ರ ಆಗಸ್ಟ್ 10ಕ್ಕೆ ನಿಮ್ಮ ಹಿರಿಯರು ಈ ರಾಜ್ಯದಲ್ಲಿ ಇದ್ದರು ಅನ್ನುವುದಕ್ಕೆ ದಾಖಲೆ ಬೇಕು." ಅದು ರಾಷ್ಟ್ರಪತಿಗಳ ಆದೇಶ ಹೊರಟ ದಿನ. ಆ ದಿನ ನನ್ನ ತಾತ ಸಿಲೋನಿನ ಒಂದು ಲೈನು ಮನೆಯಲ್ಲಿದ್ದರು. ಅಲ್ಲಿನ ಸರ್ಕಾರ ಅವರನ್ನು ನಮ್ಮವರಲ್ಲ ಅಂದು ಎರಡು ವರ್ಷ ಆಗಿತ್ತು.

ಚಿತ್ತಪ್ಪನ ಮಗಳಿಗಂತೂ ಅರ್ಜಿ ಹಾಕುವ ದಾರಿಯೇ ಇರಲಿಲ್ಲ. ಅದೇ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮದವರಷ್ಟೇ ಪರಿಶಿಷ್ಟ ಜಾತಿಗೆ ಸೇರುತ್ತಾರೆ. ಒಂದೇ ಅಪ್ಪಾಯಿಯ ಮೊಮ್ಮಕ್ಕಳು ನಾವು. ಒಂದೇ ತಟ್ಟೆಯಲ್ಲಿ ಉಂಡವರು. ಊರ ಹೋಟೆಲಿನಲ್ಲಿ ನಮ್ಮಿಬ್ಬರ ಅಪ್ಪಂದಿರಿಗೂ ಒಂದು ಕಾಲದಲ್ಲಿ ಹೊರಗೇ ಚಹಾ ಕೊಟ್ಟಿದ್ದರು. ಚರ್ಚಿಗೆ ಹೋಗುತ್ತಾರೆ ಅಂತ ಚಿತ್ತಪ್ಪನನ್ನು ಒಳಗೆ ಕರೆದು ಕೂರಿಸಿದವರು ಯಾರೂ ಇರಲಿಲ್ಲ.

ಆ ಸಂಜೆ ನಾನು ಅತ್ತಾಗ ಅಪ್ಪಾಯಿ ಸಮಾಧಾನ ಮಾಡಲಿಲ್ಲ. ಡಬ್ಬಿ ತೆಗೆದು ಪಾಸ್‌ಪೋರ್ಟ್ ತೋರಿಸಿದಳು. "ಅಲ್ಲಿಯೂ ಅಜ್ಜನ ಕಾಗದ ಕೇಳಿದರು. ಇಲ್ಲಿಯೂ ಅಜ್ಜನ ಕಾಗದ ಕೇಳುತ್ತಾರೆ. ನನ್ನ ಅಜ್ಜನಿಗೆ ಕಾಗದ ಹಿಡಿದೇ ಗೊತ್ತಿಲ್ಲ, ಕಣ್ಣು" ಅಂದಳು. ನನಗೆ ಸಾಮಾನ್ಯ ವರ್ಗದಲ್ಲಿ ಸೀಟು ಸಿಕ್ಕಿತು, ಜಾಸ್ತಿ ಫೀಸು ಕಟ್ಟಿ ಓದಿದೆ. ಅಷ್ಟು ಕಟ್ಟಲಾಗದೆ ನನ್ನ ಜೊತೆಯ ಇಬ್ಬರು ಟ್ಯಾಪಿಂಗಿಗೇ ಹೋದರು.

ಸುಳ್ಯ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಆವತ್ತು ಅಪ್ಪಾಯಿಯ ಕೈ ಹಿಡಿದು ಬೂತಿಗೆ ನಡೆಯುವಾಗ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು. ಇಲ್ಲಿ ನಾವು ಓಟು ಹಾಕಬಹುದು. ಆದರೆ ಓಟಿಗೆ ನಿಲ್ಲಬೇಕಾದರೆ ಅದೇ ಪ್ರಮಾಣಪತ್ರ ತೋರಿಸಬೇಕು.

ಬೂತು ಇದ್ದದ್ದು ನಾನು ಓದಿದ ಶಾಲೆಯಲ್ಲೇ. ಅರ್ಧ ಕಿಲೋಮೀಟರ್ ದಾರಿಗೆ ಮುಕ್ಕಾಲು ಗಂಟೆ ಆಯಿತು. ದಾರಿಯಲ್ಲಿ ಸಿಕ್ಕವರಿಗೆಲ್ಲ ಅವಳು ನಿಂತು ಮಾತಾಡಿಸಿದಳು. ಗೌಡರ ಮನೆಯವರ ಹತ್ತಿರ ತುಳು, ಬ್ಯಾರಿ ಅಂಗಡಿಯವರ ಹತ್ತಿರ ಅರ್ಧ ಮಲಯಾಳ, ಕಾಲನಿಯವರ ಹತ್ತಿರ ತಮಿಳು. ಸಾಲಿನಲ್ಲಿ ನಿಂತವರು ಮುಂದೆ ಹೋಗಿ ಅಂದರು. ಒಪ್ಪಲಿಲ್ಲ. ಬೆಂಚು ತಂದುಕೊಟ್ಟರು, ಕೂತಳು. ಸಾಲು ಮುಂದೆ ಹೋದ ಹಾಗೆ ಎದ್ದು ಒಂದೊಂದೇ ಜಾಗ ಸರಿದು ಮತ್ತೆ ಕೂತಳು.

ಒಳಗೆ ಅಧಿಕಾರಿ ಅವಳ ಹೆಸರನ್ನು ಗಟ್ಟಿಯಾಗಿ ಓದಿದರು. ಅವಳು ಸೆರಗು ಸರಿ ಮಾಡಿಕೊಂಡಳು. ಶಾಯಿ ಹಚ್ಚುವ ಹುಡುಗಿ ಎಲ್ಲಿಂದಲೋ ಡ್ಯೂಟಿಗೆ ಬಂದವಳು. ಅಪ್ಪಾಯಿಯ ಮಾತಿನ ರಾಗ ಕೇಳಿ, ಊರು ಎಲ್ಲಿ ಅಂತ ತುಳುವಿನಲ್ಲಿ ಸುಮ್ನೆ ವಿಚಾರಿಸಿದಳು. "ಅಜ್ಜಿ, ಊರು ಒಲ್ಪ?"

"ಮುಲ್ಪನೆ" ಅಂದಳು ಅಪ್ಪಾಯಿ. ಇಲ್ಲೇ. ಅಂದು ಎಡಗೈ ಮುಂದೆ ಚಾಚಿದಳು.

ಅವಳ ಬೆರಳನ್ನು ಆವತ್ತು ಹತ್ತಿರದಿಂದ ನೋಡಿದೆ. ರಬ್ಬರ್ ಹಾಲಿಗೆ ಹಾಕುವ ಆಸಿಡ್ ತಾಗಿ ತಾಗಿ ಉಗುರಿನ ಬುಡ ಒರಟಾಗಿದೆ, ಚರ್ಮ ಬಿರುಕು ಬಿಟ್ಟಿದೆ. ಮೈಸೂರಿನಲ್ಲಿ ತಯಾರಾದ ಆ ನೇರಳೆ ಶಾಯಿ ಬಿರುಕುಗಳಲ್ಲಿ ಇಳಿದು ಸಣ್ಣ ಸಣ್ಣ ಗೆರೆಗಳಾಗಿ ಹರಡಿತು. ರಟ್ಟಿನ ಮರೆಯ ಹಿಂದೆ ತುಂಬ ಹೊತ್ತು ನಿಂತಳು. ಬೀಪ್ ಅಂದ ಮೇಲೂ ಬರಲಿಲ್ಲ. ಓಟು ಖಾತ್ರಿಯ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡ್ ಕಾಣುತ್ತದೆ ಅಂತ ನಾನು ಹೇಳಿಕೊಟ್ಟಿದ್ದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಗುರುತು ತಿಳಿಯುತ್ತದೆ. ಚೀಟಿ ಕತ್ತರಿಸಿ ಕೆಳಗೆ ಬೀಳುವವರೆಗೂ ನೋಡಿದೆ ಅಂದಳು ಆಮೇಲೆ.

ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಒರಗಿ ಕೂತಾಗ ಅವಳಿಗೆ ಹಾಡುವ ಮನಸ್ಸು ಬಂತು. ಅದಕ್ಕೂ ಎರಡು ತಿಂಗಳ ಹಿಂದೆ, ಹೋಳಿಯಲ್ಲಿ, ರಾಣೆಬೆನ್ನೂರಿನಲ್ಲಿ ಜೀವಂತ ರತಿ-ಕಾಮರನ್ನು ಕೂರಿಸುವುದನ್ನು ನಾನು ಅವಳಿಗೆ ಫೋನಿನಲ್ಲಿ ಹೇಳಿದ್ದೆ. ಇಬ್ಬರು ಮನುಷ್ಯರು ರತಿ, ಕಾಮ ಆಗಿ ಕೂರುತ್ತಾರೆ, ಜನ ಏನು ಮಾಡಿದರೂ ನಗುವುದಿಲ್ಲ, ನಗಿಸಿದವರಿಗೆ ಬಹುಮಾನ. ಕೇಳಿ ಅವಳು ಮೌನವಾಗಿದ್ದಳು. ಸಿಲೋನಿನ ತೋಟಗಳಲ್ಲಿ ಮಾಸಿ ತಿಂಗಳು, ಅಂದರೆ ಇಲ್ಲಿನ ಹೋಳಿಯ ಹೊತ್ತು, ಬಂತೆಂದರೆ ಕಾಮನ್ ಕೂತ್ತು ಅನ್ನುವ ಆಟ. ದಿನವೂ ರಾತ್ರಿ 'ತಪ್ಪು' ಅನ್ನುವ ಚರ್ಮವಾದ್ಯ ಬಾರಿಸಿ ಹಾಡಿ, ಕೊನೆಗೆ ಶಿವನ ಕಣ್ಣಿಗೆ ಕಾಮನನ್ನು ಸುಡುತ್ತಾರೆ. ರತಿ ಅಳುತ್ತಾಳೆ. ರತಿಯ ವೇಷ ಕಟ್ಟುತ್ತಿದ್ದದ್ದು ಅವಳ ಅಣ್ಣ. ಆ ಅಣ್ಣ ಒಪ್ಪಂದದ ಲೆಕ್ಕದಲ್ಲಿ ಅಲ್ಲೇ ಉಳಿದರು. ಅವರಿಗೆ ಪೌರತ್ವ ಯಾವಾಗ ಕೈಸೇರಿತೋ ನಮಗೆ ತಿಳಿಯದು. ಉಳಿದವರೆಲ್ಲರಿಗೂ ಪೌರತ್ವ ಕೊಡುವ ಕಾನೂನು ಅಲ್ಲಿ ಬಂದದ್ದು 2003ರಲ್ಲಿ, ಅಷ್ಟರಲ್ಲಿ ಅವರು ಇರಲಿಲ್ಲ.

ರತಿಯ ಅಳುವಿನ ನಾಲ್ಕು ಸಾಲು ಹಾಡಿದಳು. ಐದನೆಯದು ಮರೆತಿತ್ತು. "ಅಣ್ಣನಿಗೆ ಗೊತ್ತಿತ್ತು" ಅಂದಳು.

ಆಮೇಲೆ ಡಬ್ಬಿ ಬಿಚ್ಚಿದಳು. ಪಾಸ್‌ಪೋರ್ಟಿನ ಮೇಲೆ ನೂಲಿನಲ್ಲಿ ಕಟ್ಟಿದ ಚೀಟಿಗಳ ಕಟ್ಟು. ಅವು ಓಟಿಗೆ ಮೊದಲು ಮತದಾರರಿಗೆ ಹಂಚುವ ಹೆಸರಿನ ಚೀಟಿಗಳು ಅಂತ ನನಗೆ ಗೊತ್ತೇ ಇರಲಿಲ್ಲ. ಕೆಳಗಿನದು 1983ರದು, ಯಾವುದೋ ಪಕ್ಷದವರು ಹಂಚಿದ್ದು, ಮೂಲೆ ತಿಂದುಹೋಗಿದೆ. ಅದು ಅವಳ ಬದುಕಿನ ಮೊದಲ ಓಟು, 45ನೇ ವಯಸ್ಸಿನಲ್ಲಿ. ಲೋಕಸಭೆ, ವಿಧಾನಸಭೆ, ಪಂಚಾಯಿತಿ, ಎಲ್ಲದರದೂ ಇತ್ತು. ನಾನು ಒಂದೊಂದೇ ಇಸವಿ ಓದಿದೆ. 2004ರದು ಇರಲಿಲ್ಲ.

"ಆವಾಗ ತಾತ ಆಸ್ಪತ್ರೆಯಲ್ಲಿದ್ದರು. ಹೋಗಿ ಹಾಕಿ ಬಾ ಅಂದರು. ಬಿಟ್ಟು ಹೋಗಲು ಮನಸ್ಸಾಗಲಿಲ್ಲ" ಅಂದಳು. ಅಷ್ಟು ಹೇಳಿ ಸೆರಗಿನ ತುದಿಯಿಂದ ಆವತ್ತಿನ ಚೀಟಿ ಬಿಚ್ಚಿ, ತೊಡೆಯ ಮೇಲಿಟ್ಟು ಮಡಿಕೆ ನೀವಿ, ಕಟ್ಟಿನ ಮೇಲಿಟ್ಟಳು. ನೂಲು ಸಾಲಲಿಲ್ಲ. ಹೂ ಕಟ್ಟುವ ದಾರ ತರಲು ನನ್ನನ್ನು ಒಳಗೆ ಕಳಿಸಿದಳು.