ಎಲ್ಲವೂ ಮಿತಿಯೊಳಗಿದ್ದ ನೀರು

ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಸೇರಿದ ಮೊದಲ ವರ್ಷ, ನಲ್ಲಿ ನೀರಿಗೆ ಮಣ್ಣಿನ ವಾಸನೆ ಬರುತ್ತಿದೆ ಎಂದು ದೂರು ಕೊಟ್ಟಿದ್ದ ವೃದ್ಧೆಯೊಬ್ಬರಿಗೆ, ಎಲ್ಲ ಅಂಶಗಳೂ ಮಿತಿಯೊಳಗಿವೆ, ನೀರಿನಲ್ಲಿ ದೋಷವಿಲ್ಲ ಎಂದು ನಾನು ಉತ್ತರ ಸಿದ್ಧಪಡಿಸಿದ್ದೆ. ಕದಡು, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಾದಿಗಳ ಒಟ್ಟು ಪ್ರಮಾಣ), ಉಳಿಕೆ ಕ್ಲೋರಿನ್, ಮಲಿನತೆಯನ್ನು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ, ಎಲ್ಲವನ್ನೂ ನೋಡಿಯೇ ಹಾಗೆ ಬರೆದಿದ್ದೆ. ಅದನ್ನು ಓದಿದ ನಮ್ಮ ಹಿರಿಯ ರಸಾಯನತಜ್ಞರು ಏನೂ ಹೇಳದೆ, ಅದೇ ಮಾದರಿಯನ್ನು ಫ್ಲಾಸ್ಕಿಗೆ ಅರ್ಧದಷ್ಟು ಸುರಿದು, ಗಾಜಿನ ಬಿರಡೆ ಹಾಕಿ, ಬಿಸಿನೀರಿನ ತೊಟ್ಟಿಯಲ್ಲಿಟ್ಟು ಬೆಚ್ಚಗೆ ಮಾಡಿ, ಚೆನ್ನಾಗಿ ಅಲುಗಾಡಿಸಿ, ಬಿರಡೆ ತೆಗೆದು ನನ್ನ ಮೂಗಿನ ಬಳಿ ಹಿಡಿದರು. ಮೊದಲ ಮಳೆ ಬಿದ್ದ ನೆಲದ ವಾಸನೆ ಮೂಗಿಗೆ ಬಡಿಯಿತು.

ಆ ವಾಸನೆಗೆ ಕಾರಣ ಜಿಯೋಸ್ಮಿನ್ ಎಂಬ ವಸ್ತು. ನೆಲದಲ್ಲಿ ಅದನ್ನು ಕೆಲವು ಸೂಕ್ಷ್ಮಜೀವಿಗಳೂ, ಬಿಸಿಲಿಗೆ ಕಾದ ಜಲಾಶಯಗಳಲ್ಲಿ ನೀಲಿಹಸಿರು ಪಾಚಿಯೂ ಉತ್ಪಾದಿಸುತ್ತವೆ. ಲೀಟರಿಗೆ ಸುಮಾರು 10 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಹತ್ತು ಪಾಲಿನಷ್ಟಿದ್ದರೂ ಸಾಕು, ಮನುಷ್ಯರ ಮೂಗು ಅದನ್ನು ಗುರುತಿಸುತ್ತದೆ. ನಾವು ನಿತ್ಯ ಮಾಡುವ ಯಾವ ಪರೀಕ್ಷೆಯಲ್ಲೂ ಅದು ಕಾಣುವುದಿಲ್ಲ. ಮರಳಿನ ಸೋಸುಪದರವಾಗಲಿ ಕ್ಲೋರಿನ್ ಆಗಲಿ ಅದನ್ನು ಸರಿಯಾಗಿ ತೆಗೆಯಲಾರವು. ಸಕ್ರಿಯ ಇಂಗಾಲ ಮಾತ್ರ ಚೆನ್ನಾಗಿ ಹೀರಿಕೊಳ್ಳುತ್ತದೆ. ಆ ಪ್ರಮಾಣದಲ್ಲಿ ಅದರಿಂದ ಆರೋಗ್ಯಕ್ಕೆ ಹಾನಿಯಿಲ್ಲವಾದ್ದರಿಂದ ನನ್ನ ಉತ್ತರ ಸುಳ್ಳಾಗಿರಲಿಲ್ಲ. ಆದರೆ ಆ ತಾಯಿ ಕೇಳಿದ್ದು ಬೇರೆಯೇ ಪ್ರಶ್ನೆಯಾಗಿತ್ತು.

ಆಮೇಲೆ ಮಾದರಿಯ ಮೂಲವನ್ನು ತಿಳಿಯದೆ ರುಚಿಯ ಬಗ್ಗೆ ಮಾತನಾಡುವುದನ್ನು ಬಿಟ್ಟೆ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯ ಆಮ್ಲವಾಗುತ್ತದೆ. ಆ ಆಮ್ಲ ಸುಣ್ಣಕಲ್ಲನ್ನು ಕರಗಿಸುವುದರಿಂದಲೇ ಅಂಥ ನೆಲದ ಬಾವಿನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ತುಂಬಿಕೊಂಡು, ಬಾಯಿಗೆ ಒಂದು ಬಗೆಯ ತೂಕವಿರುವ ರುಚಿ ಸಿಗುತ್ತದೆ. ಆಳದ ಕೊಳವೆಬಾವಿಯ ನೀರು ಬಂಡೆಯ ಸಹವಾಸದಲ್ಲಿ ಬಹಳ ಕಾಲ ಕಳೆದಿರುವುದರಿಂದ ಸಾಮಾನ್ಯವಾಗಿ ಲವಣ ಇನ್ನೂ ಹೆಚ್ಚು: ಸೋಡಿಯಂ ಕ್ಲೋರೈಡ್ ಹೆಚ್ಚಿದರೆ ಉಪ್ಪು, ಮೆಗ್ನೀಸಿಯಂ ಸಲ್ಫೇಟ್ ಹೆಚ್ಚಿದರೆ ಕಹಿ, ಕಬ್ಬಿಣವಿದ್ದರೆ ತುಕ್ಕಿನ ಒಗರು. ಟಿಡಿಎಸ್ ಲೀಟರಿಗೆ 600 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ನೀರು ಸಾಮಾನ್ಯವಾಗಿ ಹಿತವಾಗಿರುತ್ತದೆಂದೂ, 1000 ದಾಟಿದ ಮೇಲೆ ಹೆಚ್ಚುಹೆಚ್ಚು ಅಹಿತವಾಗುತ್ತದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ತೀರಾ ಕಡಿಮೆಯಾದರೂ ನಾಲಿಗೆಗೆ ಒಗ್ಗುವುದಿಲ್ಲ. ನಮ್ಮ ಜೊಲ್ಲಿನಲ್ಲೇ ಲವಣಗಳಿರುವುದರಿಂದ ನಾಲಿಗೆ ಅದಕ್ಕೆ ಹೊಂದಿಕೊಂಡಿರುತ್ತದೆ. ಹಾಗಾಗಿ ಬಟ್ಟಿ ಇಳಿಸಿದ ನೀರು ಬರೀ ಸಪ್ಪೆಯೆನಿಸುತ್ತದೆ. ಕುದಿಸಿ ಆರಿಸಿದ ನೀರಿನ ಸಪ್ಪೆಗೂ ಇಂಥದೇ ಕಾರಣವಿದೆ: ಕರಗಿದ್ದ ಅನಿಲಗಳು ಹೊರಟುಹೋಗಿರುತ್ತವೆ, ಲವಣದ ಒಂದು ಪಾಲು ಪಾತ್ರೆಯ ತಳದಲ್ಲಿ ಬಿಳಿಯ ಪದರವಾಗಿ ಕೂತಿರುತ್ತದೆ.

ರುಚಿಯನ್ನು ನಂಬಿ ಮೋಸಹೋದವರನ್ನೂ ಈ ಕೆಲಸದಲ್ಲಿ ಕಂಡಿದ್ದೇನೆ, ಅದು ನನ್ನನ್ನು ಹೆಚ್ಚು ಕಾಡುತ್ತದೆ. ಸಿಹಿನೀರಿನ ಬಾವಿ ಎಂದು ಒಂದು ಕುಟುಂಬ ಅಭಿಮಾನದಿಂದ ತಂದುಕೊಟ್ಟ ಮಾದರಿಯಲ್ಲಿ ನೈಟ್ರೇಟ್, ಲೀಟರಿಗೆ 50 ಮಿಲಿಗ್ರಾಂ ಎಂಬ ಮಾರ್ಗಸೂಚಿ ಮಟ್ಟವನ್ನು ಬಹಳವೇ ಮೀರಿತ್ತು. ಅಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆಗೂಸಿನ ರಕ್ತ ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನು ಕಳೆದುಕೊಳ್ಳಬಹುದು. ಕುದಿಸಿದರೂ ನೈಟ್ರೇಟ್ ಹೋಗದು. ಆರ್ಸೆನಿಕ್, ಫ್ಲೋರೈಡ್‌ಗಳೂ ಅಪಾಯದ ಮಟ್ಟದಲ್ಲಿದ್ದಾಗಲೂ ನಾಲಿಗೆಗೆ ತಿಳಿಯುವುದಿಲ್ಲ.

ವೃದ್ಧೆಗೆ ಎರಡನೆಯ ಪತ್ರ ಬರೆದೆ. ವಾಸನೆ ಇರುವುದು ನಿಜ, ಅದು ಜಲಾಶಯದ ಪಾಚಿಯಿಂದ ಬಂದದ್ದು, ಇಂಗಾಲದ ಪುಡಿ ಬಳಸಲು ಶುದ್ಧೀಕರಣ ಘಟಕಕ್ಕೆ ತಿಳಿಸಲಾಗಿದೆ, ಅಲ್ಲಿಯವರೆಗೆ ನೀರನ್ನು ತಣ್ಣಗೆ ಮಾಡಿ ಕುಡಿದರೆ ವಾಸನೆ ಕಡಿಮೆ ತಿಳಿಯುತ್ತದೆ ಎಂದು. ಮೊದಲ ಪತ್ರ ನನ್ನ ಕಡತದಲ್ಲೇ ಉಳಿಯಿತು. ಈಗ ರುಚಿಯ ದೂರು ಬಂದಾಗ ಮೀಟರ್ ಮುಟ್ಟುವ ಮೊದಲು ನಾನು ಕೇಳುವುದು ಮೂರು ಮಾತು: ನೀರು ಎಲ್ಲಿಂದ ಬರುತ್ತದೆ, ವಾಸನೆ ಯಾವತ್ತಿನಿಂದ, ಬೆಳಿಗ್ಗೆ ಮೊದಲ ಬಾರಿ ನಲ್ಲಿ ತಿರುಗಿಸಿದಾಗ ಮಾತ್ರವೋ ಇಡೀ ದಿನವೋ.