ನ್ಯಾನೋಟ್ಯೂಬ್ ಪರೀಕ್ಷೆ, ಮೂರನೇ ವಾರ: ಮೂಸೆಯಲ್ಲಿ ಕೆಂಪು ಬೂದಿ

ಟಿಜಿಎ ಯಂತ್ರದಿಂದ (ಕಾಯಿಸುತ್ತಾ ತೂಕ ಅಳೆಯುವ ಯಂತ್ರ) ಮೂಸೆ ತೆಗೆದಾಗ ತಳದಲ್ಲಿ ಕೆಮ್ಮಣ್ಣಿನ ಬಣ್ಣದ ಚೂರು ಬೂದಿ ಇತ್ತು. ನಾನು ಹಾಕಿದ್ದು ನ್ಯಾನೋಟ್ಯೂಬ್‌ಗಳ, ಅಂದರೆ ಕಾರ್ಬನ್‌ನ ಅತಿ ಸಣ್ಣ ಕೊಳವೆಗಳ, ಕಾಡಿಗೆಯಂಥ ಕಪ್ಪು ಪುಡಿ, 12 ಮಿಲಿಗ್ರಾಂ. ಗಾಳಿಯಲ್ಲಿ 900 ಡಿಗ್ರಿವರೆಗೆ ಕಾಯಿಸಿದ ಮೇಲೆ ಕಾರ್ಬನ್ ಎಲ್ಲಾ ಸುಟ್ಟುಹೋಗಿ 1.2 ಮಿಲಿಗ್ರಾಂ ಉಳಿದಿದೆ. ಶೇ. 10! ಬಾಟಲಿಯ ಚೀಟಿಯಲ್ಲಿ ಶೇ. 95ಕ್ಕಿಂತ ಜಾಸ್ತಿ ಶುದ್ಧ ಅಂತ ಬರೆದಿದೆ.

ಆ ಕೆಂಪು ಕಬ್ಬಿಣದ ಆಕ್ಸೈಡ್‌ನದು. ಟ್ಯೂಬ್ ಬೆಳೆಸಲು ಹಾಕಿದ ಕಬ್ಬಿಣದ ಕಣಗಳು ಪುಡಿಯಲ್ಲೇ ಉಳಿದಿರುತ್ತವೆ. ಆದರೆ ಬೂದಿಯನ್ನು ಹಾಗೇ ಲೆಕ್ಕಕ್ಕೆ ಹಿಡಿಯಬಾರದು. ಸುಡುವಾಗ ಆಕ್ಸಿಜನ್ ಸೇರಿಕೊಂಡು ತೂಕ ಹೆಚ್ಚಾಗಿರುತ್ತದೆ. ಈ ಆಕ್ಸೈಡ್‌ನಲ್ಲಿ ಕಬ್ಬಿಣ ಸುಮಾರು ಶೇ. 70 ಮಾತ್ರ. ಬೂದಿಯಲ್ಲಿ ಬೇರೇನೂ ಇಲ್ಲ ಅಂದುಕೊಂಡರೆ ಪುಡಿಯಲ್ಲಿದ್ದ ಕಬ್ಬಿಣ ಶೇ. 7. ಉಳಿದ 93ರಲ್ಲೂ ಎಲ್ಲವೂ ಟ್ಯೂಬ್ ಅಲ್ಲ, ಆಕಾರವಿಲ್ಲದ ಮಸಿಯೂ ಸೇರಿದೆ.

ಕಳೆದ ವಾರದ ರಾಮನ್ ಪರೀಕ್ಷೆಯಲ್ಲಿ (ಲೇಸರ್ ಬಿಟ್ಟು ಚದುರಿದ ಬೆಳಕನ್ನು ಅಳೆಯುವುದು) ಈ ಕಬ್ಬಿಣ ಕಾಣಿಸಿರಲೇ ಇಲ್ಲ. ರಾಮನ್ ತೋರಿಸುವುದು ಕಾರ್ಬನ್ ಜಾಲ ಎಷ್ಟು ಅಚ್ಚುಕಟ್ಟಾಗಿದೆ ಅನ್ನುವುದನ್ನು. ಆ ಬೆಳಕಿನ ನಕ್ಷೆಯಲ್ಲಿ 1580 cm⁻¹ ಹತ್ತಿರದ ಜಿ ಶಿಖರ ಒಳ್ಳೆಯ ಜಾಲದ್ದು, 1350 cm⁻¹ ಹತ್ತಿರದ ಡಿ ಶಿಖರ ಅದರ ದೋಷಗಳದ್ದು. ಹತ್ತು ಜಾಗದಲ್ಲಿ ಅಳೆದೆ. ಡಿ-ಜಿ ಅನುಪಾತ (ಹೆಚ್ಚಿದ್ದಷ್ಟೂ ದೋಷ ಹೆಚ್ಚು) 0.8ರಿಂದ 1.1ರವರೆಗೆ ಓಡಾಡಿತು. ಒಂದೇ ಜಾಗ ನೋಡಿ ಬಿಟ್ಟಿದ್ದರೆ ಮೋಸ ಹೋಗುತ್ತಿದ್ದೆ, ಅಲ್ವಾ? ಲೇಸರ್ ಶಕ್ತಿಯೂ ಕಡಿಮೆ ಇರಬೇಕು. ಕಪ್ಪು ಪುಡಿ ಬೇಗ ಬಿಸಿಯಾಗಿ ಜಿ ಶಿಖರವೇ 1580ಕ್ಕಿಂತ ಕಡಿಮೆ ಸಂಖ್ಯೆಯ ಕಡೆಗೆ ಸರಿಯುತ್ತದೆ.

ಬುಧವಾರ ಸ್ವಲ್ಪ ಪುಡಿಯನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ಕಲಕಿಟ್ಟೆ. ಬೆಳಿಗ್ಗೆ ನೋಡಿದರೆ ಮೇಲಿನ ನೀರು ತಿಳಿ ಹಳದಿ! ಕಬ್ಬಿಣ ಕರಗಿತ್ತು. ಸೋಸಿ, ತೊಳೆದು, ಒಣಗಿಸಿ ಮತ್ತೆ ಸುಟ್ಟಾಗ ಬೂದಿ ಶೇ. 6. ಡಿ-ಜಿ ಅನುಪಾತ ಬದಲಾಗಿಲ್ಲ. ಅಂದರೆ ಟ್ಯೂಬ್‌ಗಳಿಗೆ ಪೆಟ್ಟು ಬಿದ್ದಿಲ್ಲ. ತುಂಬಾ ಖುಷಿಯಾಯಿತು. ಸುಡುವ ತಾಪವೂ ಸುಮಾರು 30 ಡಿಗ್ರಿ ಏರಿದೆ. ಕಬ್ಬಿಣ ಇದ್ದರೆ ಕಾರ್ಬನ್ ಬೇಗ ಹೊತ್ತಿಕೊಳ್ಳುತ್ತದೆ, ಅದಕ್ಕೇ.

ಉಳಿದ ಕಬ್ಬಿಣ ಬಹುಶಃ ಕಾರ್ಬನ್ ಚಿಪ್ಪಿನೊಳಗೆ ಕೂತಿದೆ, ಆಸಿಡ್ ಅಲ್ಲಿಗೆ ತಲುಪಿಲ್ಲ. ನೈಟ್ರಿಕ್ ಆಸಿಡ್ ಚಿಪ್ಪನ್ನು ಒಡೆಯಬಲ್ಲದು, ಆದರೆ ಟ್ಯೂಬ್ ಗೋಡೆಯನ್ನೂ ಕೊರೆಯುತ್ತದೆ. ಸದ್ಯಕ್ಕೆ ಬೇಡ. ಮಂಗಳವಾರ ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಸಿಕ್ಕಿದೆ. 0.34 ನ್ಯಾನೋಮೀಟರ್ ಅಂತರದ ಟ್ಯೂಬ್ ಗೋಡೆಗೆರೆಗಳ ನಡುವೆ ಕಬ್ಬಿಣದ ಕಪ್ಪು ಚುಕ್ಕೆ ಹುಡುಕಬೇಕು.